ಟೊಂಕ ನೋವು, ಲಟಿಕೆ ಮತ್ತು ಕೈರೋಪ್ರಾಕ್ಟಿಕ್: ಮೊದಲ ಸಲ ಹೋಗುವವರಿಗೆ ನಾಲ್ಕು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿ, ಸಕ್ಕರೆ ಕಾಯಿಲೆ ಇಲ್ಲವೇ ಬಿ.ಪಿ. ಬಗ್ಗೆ ಅರ್ಧ ತಾಸು ಮಾತಾಡಿ ಎಂದರು. ಆ ವಿಷಯಕ್ಕೆ ನನಗಿಂತ ಬಲ್ಲ ವೈದ್ಯರಿದ್ದಾರೆ. ನಾನು ಫಿಜಿಯೋಥೆರಪಿಸ್ಟ್. ಇಪ್ಪತ್ತು ವರ್ಷದಿಂದ ಬೆನ್ನು, ಗೋಣು, ಮೊಣಕಾಲು, ಭುಜ ಇವುಗಳ ನೋವಿನವರ ಜೊತೆಗೇ ನನ್ನ ದಿನ ಹೋಗುತ್ತದೆ. ಆದ್ದರಿಂದ ಬೆನ್ನಿನ ಬಗ್ಗೆ ಮಾತಾಡುತ್ತೇನೆ ಎಂದೆ. ಅದರಲ್ಲೂ ಒಂದು ಹೊಸ ವಿಷಯ. ಈಚೆಗೆ ಊರಿನಿಂದ ನನಗೆ ಬರುವ ಫೋನುಗಳಲ್ಲಿ ಬಹಳಷ್ಟು ಹೀಗೆ ಶುರುವಾಗುತ್ತವೆ: "ತಮ್ಮಾ, ಮೊಬೈಲಿನ್ಯಾಗ ನೋಡೀನಿ. ಬೆನ್ನು ಲಟಲಟ ಅಂತ ಮುರೀತಾರ, ಮಂದಿ ನಕ್ಕೋತ ಎದ್ದು ಹೋಗ್ತಾರ. ಏನೋ ಕೈರೋ ಅಂತಾರಲ್ಲ ಅದಕ್ಕ. ನಾನೂ ಹೋಗಲ್ಯಾ ಹೆಂಗ?"

ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಕೆಲವರು ಹೋಗಬಹುದು. ಕೆಲವರು ಎಂದೂ ಹೋಗಬಾರದು. ಹೋಗುವವರೂ ಕೆಲವು ಸಂಗತಿ ತಿಳಿದುಕೊಂಡು ಹೋಗಬೇಕು. ಇವತ್ತಿನ ನನ್ನ ಮಾತು ಅಷ್ಟೇ.

ನಮ್ಮ ಬೆನ್ನು, ನಮ್ಮ ದುಡಿಮೆ

ನಮ್ಮದು ಕಬ್ಬಿನ ಸೀಮೆ. ಕಾರ್ಖಾನೆ ಶುರುವಾದರೆ ಆರು ತಿಂಗಳು ಕಡಿಯುವುದು, ಹೊರೆ ಕಟ್ಟುವುದು, ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರೇಲರಿಗೆ ಹೇರುವುದು. ಮಳೆಗಾಲದಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕಸ ತೆಗೆಯುತ್ತಾರೆ. ಎಣ್ಣೆ ಹೊಡೆಯುವ ಪಂಪಿಗೆ 16 ಲೀಟರ್ ನೀರು ಹಿಡಿದರೆ ಪಂಪಿನ ತೂಕವೂ ಸೇರಿ 20 ಕಿಲೊ ಬೆನ್ನಿನ ಮೇಲೆ ಕೂತಂತೆ. ಗೊಬ್ಬರದ ಚೀಲ, ಸಿಮೆಂಟಿನ ಚೀಲ ಬೇರೆ. ಆ ಕಡೆ ರಬಕವಿ ಬನಹಟ್ಟಿ, ಮಹಾಲಿಂಗಪುರದ ನೇಕಾರರನ್ನು ನೋಡಿ. ಕುಣಿಮಗ್ಗದವರು ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವೆಲ್ಲ ಕೂತೇ ಇರುತ್ತಾರೆ. ಪವರಲೂಮಿನವರು ದಿನವೆಲ್ಲ ನಿಂತೇ ಇರುತ್ತಾರೆ. ನಮ್ಮ ಗುರುಗಳು ಕರಿಹಲಗೆ ಮುಂದೆ ಮೂವತ್ತು ವರ್ಷ ನಿಂತರು. ಯಾರ ಟೊಂಕ ತಾನೆ ನೋಯದೆ ಇದ್ದೀತು?

ಇದು ನಮ್ಮ ಊರಿನ ಕಥೆಯಷ್ಟೇ ಅಲ್ಲ. 2020ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಟೊಂಕ ನೋವಿನಿಂದ ಬಳಲುತ್ತಿದ್ದರು. ಮನುಷ್ಯನನ್ನು ದುಡಿಯದಂತೆ ಮಾಡುವ ಕಾರಣಗಳಲ್ಲಿ ಇದೇ ಮೊದಲನೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೆನ್ನೆಲುಬು ಎಂದರೆ ಏನು ಎಂಬುದನ್ನು ಮೊದಲು ನೋಡೋಣ. ಒಂದರ ಮೇಲೊಂದು ಜೋಡಿಸಿದ ಮಣಿಗಳ ಸರ ಅದು. ಗೋಣಿನಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5, ಒಟ್ಟು 24 ಮಣಿಗಳು ಅಲುಗಾಡುತ್ತವೆ. ಅವುಗಳ ಕೆಳಗಿನವು ಒಂದಕ್ಕೊಂದು ಕೂಡಿಕೊಂಡಿವೆ. ಮಣಿಗಳ ನಡುವೆ ಮೆತ್ತನೆಯ ಗಾದಿಯಂಥ ಡಿಸ್ಕ್ ಇದೆ. ಮಣಿಗಳ ಹಿಂದಿನ ಕೊಳವೆಯಲ್ಲಿ ಮೆದುಳಿನಿಂದ ಇಳಿದು ಬರುವ ನರದ ಹಗ್ಗ ಇದೆ. ಈ ಸರವನ್ನು ನೂರಾರು ಸ್ನಾಯು, ಕಟ್ಟುಗಳು ಬಿಗಿದು ಹಿಡಿದಿವೆ.

ಜನರ ಬಾಯಲ್ಲಿ ಒಂದು ಮಾತಿದೆ: "ನಂದು ಡಿಸ್ಕ್ ಜಾರೈತ್ರಿ, ಮಣಿ ಸರದೈತ್ರಿ." ಡಿಸ್ಕ್ ಎಂಬುದು ಸಾಬೂನಿನಂತೆ ಜಾರಿ ಹೊರಗೆ ಬೀಳುವ ವಸ್ತುವಲ್ಲ. ಅದರ ಅಂಚು ಉಬ್ಬಬಹುದು, ಬಿರುಕು ಬಿಟ್ಟು ಒಳಗಿನ ತಿರುಳು ಹೊರಗೆ ಬಂದು ನರಕ್ಕೆ ತಾಗಬಹುದು. ಅದನ್ನು ಹೊರಗಿನಿಂದ ಒಂದು ಗುದ್ದು ಕೊಟ್ಟು ಒಳಗೆ ದಬ್ಬಲು ಯಾರಿಂದಲೂ ಆಗುವುದಿಲ್ಲ. ಬಹಳಷ್ಟು ಜನರಲ್ಲಿ ಆ ತಿರುಳು ತಿಂಗಳುಗಳಲ್ಲಿ ತಾನೇ ಕುಗ್ಗುತ್ತದೆ.

ಇನ್ನೊಂದು ಮಾತು. ಎಂ.ಆರ್.ಐ. ವರದಿಯಲ್ಲಿ ಡಿಸ್ಕ್ ಸವೆದಿದೆ ಎಂದು ಬರೆದಿದ್ದನ್ನು ನೋಡಿ ಎದೆ ಒಡೆದುಕೊಳ್ಳುವವರಿದ್ದಾರೆ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ವರದಿಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ಅಧ್ಯಯನದಲ್ಲಿ, 20 ವರ್ಷದವರಲ್ಲಿ ನೂರಕ್ಕೆ 37 ಮಂದಿಗೆ, 80 ವರ್ಷದವರಲ್ಲಿ ನೂರಕ್ಕೆ 96 ಮಂದಿಗೆ ಡಿಸ್ಕ್ ಸವೆದಿತ್ತು. ತಲೆಗೂದಲು ಬೆಳ್ಳಗಾದಂತೆ ಇದೂ ವಯಸ್ಸಿನ ಗುರುತು. ಆದ್ದರಿಂದ ವರದಿಯ ಹಾಳೆಗೆ ಚಿಕಿತ್ಸೆ ಮಾಡಬಾರದು, ಮನುಷ್ಯನಿಗೆ ಮಾಡಬೇಕು. ಟೊಂಕ ನೋವಿನವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಇಂಥದ್ದೇ ಎಲುಬು, ಇಂಥದ್ದೇ ನರ ಎಂದು ಬೆರಳಿಟ್ಟು ತೋರಿಸುವಂಥ ಕಾರಣ ಇರುವುದೇ ಇಲ್ಲ. ಹೊಸದಾಗಿ ಹಿಡಿದ ಚಳಕು ಹೆಚ್ಚಿನವರಿಗೆ ಆರು ವಾರದೊಳಗೆ ಬಹಳಷ್ಟು ಇಳಿಯುತ್ತದೆ. ಯಾರ ಕೈಯಿಂದ ವಾಸಿಯಾಯಿತು ಎಂದು ನಾವು ಹೇಳುತ್ತೇವೋ, ಅಲ್ಲಿ ಎಷ್ಟೋ ಸಲ ಕಾಲವೇ ವಾಸಿ ಮಾಡಿರುತ್ತದೆ.

ಕೈಯಿಂದ ವಾಸಿ ಮಾಡುವುದು ಹೊಸದೇನಲ್ಲ

ಬೆನ್ನು ಒತ್ತುವುದು, ಎಳೆಯುವುದು, ಲಟಿಕೆ ಮುರಿಯುವುದು ನಮ್ಮ ಭಾಗಕ್ಕೆ ಹೊಸತಲ್ಲ. ಗರಡಿಮನೆಯ ವಸ್ತಾದರು ಪೈಲ್ವಾನರ ಭುಜ ಕೂಡಿಸುತ್ತಿದ್ದರು, ಮಾಲೀಷು ಮಾಡುತ್ತಿದ್ದರು. ನಡ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರ ಕಡೆಯಿಂದ ಬೆನ್ನಿಗೆ ಕಾಲು ತಾಗಿಸಿಕೊಳ್ಳುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಉಳುಕು ತೆಗೆಯುವ ಅಜ್ಜಿಯರು ಪ್ರತಿ ಓಣಿಯಲ್ಲೂ ಇದ್ದರು. ಕ್ಷೌರ ಮಾಡಿಸಿಕೊಂಡ ಮೇಲೆ ಗೋಣನ್ನು ಆ ಕಡೆ ಈ ಕಡೆ ತಿರುಗಿಸಿ ಲಟ್ ಎನಿಸಿಕೊಳ್ಳದಿದ್ದರೆ ಕೆಲವರಿಗೆ ಕ್ಷೌರ ಮುಗಿದಂತೆಯೇ ಅನಿಸುವುದಿಲ್ಲ.

ಕೈರೋಪ್ರಾಕ್ಟಿಕ್ ಎಂಬ ಹೆಸರಿನ ಅರ್ಥವೂ ಅದೇ. ಗ್ರೀಕ್ ಭಾಷೆಯಲ್ಲಿ ಕೈಯಿಂದ ಮಾಡುವ ಕೆಲಸ ಎಂದು. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ 1895ರ ಸೆಪ್ಟೆಂಬರ್ 18ರಂದು ಡಿ.ಡಿ. ಪಾಮರ್ ಎಂಬಾತ ಇದನ್ನು ಶುರು ಮಾಡಿದ. ಆತ ಕೆನಡಾದಲ್ಲಿ ಹುಟ್ಟಿದವ, ಅದಕ್ಕೆ ಮೊದಲು ಆಯಸ್ಕಾಂತ ಶಕ್ತಿಯ ಚಿಕಿತ್ಸೆ ಮಾಡುತ್ತಿದ್ದವ. ಕಿವಿ ಸರಿಯಾಗಿ ಕೇಳದ ಹಾರ್ವೆ ಲಿಲ್ಲಾರ್ಡ್ ಎಂಬ ಕಟ್ಟಡದ ಕೆಲಸಗಾರನ ಬೆನ್ನಿನ ಗಂಟನ್ನು ಒತ್ತಿದೆ, ಅವನಿಗೆ ಕಿವಿ ಕೇಳಿತು ಎಂದು ಹೇಳಿಕೊಂಡ. ರೋಗಗಳಲ್ಲಿ ನೂರಕ್ಕೆ ತೊಂಬತ್ತೈದು ಬೆನ್ನಿನ ಮಣಿ ಸರಿಯುವುದರಿಂದಲೇ ಬರುತ್ತವೆ ಎಂಬುದು ಆತನ ವಾದ. 1897ರಲ್ಲಿ ಶಾಲೆ ತೆರೆದ. 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲಿಗೂ ಹೋಗಿಬಂದ.

ಎಲ್ಲ ರೋಗಕ್ಕೂ ಬೆನ್ನೇ ಕಾರಣ ಎಂಬ ವಾದ ವಿಜ್ಞಾನದ ಮುಂದೆ ನಿಲ್ಲಲಿಲ್ಲ. ಆದರೆ ಬೆನ್ನು ನೋವಿಗೆ ಕೈಯ ಚಿಕಿತ್ಸೆ ಉಳಿದುಕೊಂಡಿತು. ಅಮೆರಿಕದಲ್ಲಿ 1913ರಲ್ಲಿ ಕಾನ್ಸಾಸ್ ರಾಜ್ಯದಿಂದ ಶುರುವಾಗಿ 1974ರಲ್ಲಿ ಲೂಸಿಯಾನದವರೆಗೆ ಐವತ್ತೂ ರಾಜ್ಯಗಳು ಇದಕ್ಕೆ ಪರವಾನಗಿ ಕಾನೂನು ಮಾಡಿದವು. ಬ್ರಿಟನ್ನಿನಲ್ಲಿ 1994ರಲ್ಲಿ ಕಾಯ್ದೆ ಬಂತು. ಪೂರ್ಣ ತರಬೇತಿ ಎಂದರೆ ನಾಲ್ಕು ವರ್ಷ, ಕಡಿಮೆ ಎಂದರೂ 4,200 ತಾಸು ಕಲಿಕೆ, ಅದರಲ್ಲಿ 1,000 ತಾಸು ರೋಗಿಗಳ ಜೊತೆ ಮೇಲ್ವಿಚಾರಣೆಯಲ್ಲಿ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿತು.

ನಮ್ಮ ದೇಶದ ಸ್ಥಿತಿ ಬೇರೆ. ಆಯುಷ್ ಪದ್ಧತಿಗಳಲ್ಲಿ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪಥಿ ಇವೆ, ಕೈರೋಪ್ರಾಕ್ಟಿಕ್ ಇಲ್ಲ. ಅದಕ್ಕೆಂದೇ ನೋಂದಣಿ ಮಾಡುವ ಪ್ರತ್ಯೇಕ ಕೌನ್ಸಿಲ್ ಕೂಡ ಇಲ್ಲ. ಫಿಜಿಯೋಥೆರಪಿಗೆ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇದೆ. ಇದರ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳಿ. ಬೆಂಗಳೂರು, ಮುಂಬೈಗಳಲ್ಲಿ ಹೊರದೇಶದಲ್ಲಿ ಪೂರ್ಣ ಪದವಿ ಪಡೆದು ಬಂದ ಕೈರೋಪ್ರಾಕ್ಟರುಗಳು ಇದ್ದಾರೆ. ಫಿಜಿಯೋಥೆರಪಿ ಓದಿ ಮೇಲೆ ಕೈಚಿಕಿತ್ಸೆಯ ತರಬೇತಿ ಪಡೆದವರಿದ್ದಾರೆ. ಎರಡು ದಿನದ ಶಿಬಿರ ಮುಗಿಸಿ ಬೋರ್ಡು ಹಾಕಿದವರೂ ಇದ್ದಾರೆ. ಮೂವರ ಬೋರ್ಡಿನ ಮೇಲೂ ಒಂದೇ ಶಬ್ದ ಇರಬಹುದು. ಬೋರ್ಡು ಓದಿ ಒಳಗೆ ಹೋಗಬಾರದು, ವಿಚಾರಿಸಿ ಹೋಗಬೇಕು.

ಲಟ್ ಎಂಬ ಸಪ್ಪಳ ಯಾವುದು?

ಮೊಬೈಲಿನ ವಿಡಿಯೋದಲ್ಲಿ ಎಲ್ಲರನ್ನೂ ಮರುಳು ಮಾಡುವುದು ಆ ಸಪ್ಪಳ. ಎಲುಬು ಸ್ಥಳಕ್ಕೆ ಕೂತಿತು ಎಂದು ಜನ ತಿಳಿಯುತ್ತಾರೆ. ಅದಲ್ಲ. ಕೀಲಿನ ಒಳಗೆ ಎಣ್ಣೆಯಂಥ ದ್ರವ ಇರುತ್ತದೆ. ಎರಡು ಎಲುಬುಗಳನ್ನು ತಟ್ಟನೆ ದೂರ ಎಳೆದಾಗ ಒಳಗಿನ ಒತ್ತಡ ಇಳಿದು, ದ್ರವದಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗುತ್ತದೆ. ಆಗ ಸಪ್ಪಳ ಬರುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ಲಟಿಕೆ ಮುರಿಯುವಾಗಲೇ ಎಂ.ಆರ್.ಐ. ಚಿತ್ರ ತೆಗೆದು ಇದನ್ನು ತೋರಿಸಿದರು. ಬೆರಳಿನ ಲಟಿಕೆ ಮುರಿದರೆ ಸಂಧಿವಾತ ಬರುತ್ತದೆಯೇ ಎಂದು ಮಕ್ಕಳು ಕೇಳುತ್ತೀರಿ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯ ಅರವತ್ತು ವರ್ಷ ಬರೀ ಎಡಗೈಯ ಲಟಿಕೆ ಮುರಿದು, ಬಲಗೈಯದನ್ನು ಬಿಟ್ಟು, ಕೊನೆಗೆ ಎರಡೂ ಕೈ ಹೋಲಿಸಿ ನೋಡಿದ. ಎರಡರಲ್ಲೂ ಸಂಧಿವಾತ ಇರಲಿಲ್ಲ. 2009ರಲ್ಲಿ ಅವನಿಗೆ ನಗೆಯ ನೊಬೆಲ್ ಎನ್ನುವ ಇಗ್ ನೊಬೆಲ್ ಬಹುಮಾನ ಕೊಟ್ಟರು.

ಆದ್ದರಿಂದ ಸಪ್ಪಳ ಬಂದರೆ ವಾಸಿ, ಬರದಿದ್ದರೆ ಇಲ್ಲ ಎಂಬ ಲೆಕ್ಕ ಬೇಡ. ಹಾಗೆ ಮಾಡಿದಾಗ ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲಾಗುತ್ತದೆ, ಹಗುರ ಅನಿಸುತ್ತದೆ. ಆ ಹಗುರ ನಿಜ. ಆದರೆ ಅದೇ ಪೂರ್ತಿ ಚಿಕಿತ್ಸೆ ಅಲ್ಲ.

ಮೊದಲ ದಿನ ಏನೇನು ನಡೆಯಬೇಕು

ಒಳ್ಳೆಯ ಕೈಚಿಕಿತ್ಸಕರ ಹತ್ತಿರ ಹೋದರೆ ಮೊದಲ ದಿನದ ಹೆಚ್ಚು ಹೊತ್ತು ಮಾತಿನಲ್ಲೇ ಹೋಗುತ್ತದೆ. ನೋವು ಯಾವಾಗ ಶುರುವಾಯಿತು, ರಾತ್ರಿ ಎಬ್ಬಿಸುತ್ತದೆಯೇ, ಕಾಲಿಗೆ ಇಳಿಯುತ್ತದೆಯೇ, ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಬಿದ್ದಿದ್ದೀರಾ, ಮೊದಲು ಗಡ್ಡೆಯ ರೋಗ ಆಗಿತ್ತೇ, ರಕ್ತ ತೆಳುವಾಗುವ ಗುಳಿಗೆ ಇದೆಯೇ ಎಂದೆಲ್ಲ ಕೇಳಬೇಕು. ಆಮೇಲೆ ನಿಲ್ಲಿಸಿ, ಬಗ್ಗಿಸಿ, ನಡೆಸಿ ನೋಡಬೇಕು. ಮೊಣಕಾಲಿಗೆ ಸುತ್ತಿಗೆ ತಟ್ಟಿ, ಪಾದದ ಶಕ್ತಿ, ಸ್ಪರ್ಶ ನೋಡಬೇಕು. ಆಮೇಲೆ, ನನಗೆ ಹೀಗೆ ಅನಿಸುತ್ತದೆ, ಹೀಗೆ ಮಾಡುತ್ತೇನೆ, ಇದರಿಂದ ಇಷ್ಟು ಲಾಭ, ಇಷ್ಟು ಅಪಾಯ, ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಬೇಕು. ಬೇಡ ಎನ್ನುವ ಹಕ್ಕು ನಿಮಗೆ ಕೊನೆಯ ಕ್ಷಣದವರೆಗೂ ಇದೆ. ಹೆಣ್ಣುಮಕ್ಕಳಿಗೆ ಜೊತೆಗೆ ಒಬ್ಬರು ಇರಲು ಬಿಡಬೇಕು. ಒಳಗೆ ಹೋದ ಕೂಡಲೇ ಮಲಗಿಸಿ ತಿರುವಲು ಹತ್ತಿದರೆ ಎದ್ದು ಬನ್ನಿ. ನಾಚಿಕೆ ಪಡಬೇಡಿ.

ನಮ್ಮ ಊರಿನ ಹೆಸರಿನಲ್ಲೇ ಇರುವ ರನ್ನ ಮಹಾಕವಿ ಬಳೆಗಾರರ ಮನೆಯ ಮಗ ಎಂದು ನಾವೆಲ್ಲ ಇದೇ ಶಾಲೆಯಲ್ಲಿ ಓದಿದ್ದೇವೆ. ಬಳೆಗಾರರು ಬಳೆ ಇಡುವುದನ್ನು ನೋಡಿದ್ದೀರಲ್ಲ? ಮೊದಲು ಕೈ ಹಿಡಿದು ನೋಡುತ್ತಾರೆ, ಅಳತೆ ತಿಳಿಯುತ್ತಾರೆ. ಮೆಲ್ಲಗೆ ಹಿಸುಕಿ ಹದ ಮಾಡುತ್ತಾರೆ. ಆಮೇಲೆ ಬಳೆ ತಾನೇ ಏರುತ್ತದೆ. ಜೋರು ಮಾಡಿದರೆ ಬಳೆಯೂ ಒಡೆಯುತ್ತದೆ, ಕೈಗೂ ಗಾಯ. ಕೈಯ ಚಿಕಿತ್ಸೆಯ ಗುಟ್ಟೂ ಅಷ್ಟೇ. ನೋಡದೆ, ಅಳೆಯದೆ ಒತ್ತುವ ಕೈಗೆ ಬೆನ್ನು ಕೊಡಬೇಡಿ.

ಚಿಕಿತ್ಸೆಯ ನಂತರ ಒಂದೆರಡು ದಿನ ಮೈ ನೋವು, ಆಯಾಸ, ಸ್ವಲ್ಪ ತಲೆನೋವು ಬರಬಹುದು. ಬಹಳ ಜನರಿಗೆ ಬರುತ್ತದೆ, ಹೋಗುತ್ತದೆ. ದಿನದಿಂದ ದಿನಕ್ಕೆ ನೋವು ಹೆಚ್ಚಿದರೆ, ಕಾಲಿಗೆ ಜೋಮು ಇಳಿದರೆ, ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಲಾಭ ಎಷ್ಟು?

ಇಲ್ಲಿ ನಾನು ನನ್ನ ವೃತ್ತಿಯ ಪರ ಮಾತಾಡುವುದಿಲ್ಲ, ಇನ್ನೊಬ್ಬರ ವೃತ್ತಿಯ ವಿರುದ್ಧವೂ ಮಾತಾಡುವುದಿಲ್ಲ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮೂರು ತಿಂಗಳು ಮೀರಿದ ಟೊಂಕ ನೋವಿಗೆ ಏನು ಮಾಡಬೇಕು ಎಂಬ ಮಾರ್ಗದರ್ಶಿ ಪ್ರಕಟಿಸಿತು. ಮಾಡಬಹುದು ಎಂದು ಹೇಳಿದ್ದರಲ್ಲಿ ರೋಗಿಗೆ ತಿಳಿವಳಿಕೆ ಕೊಡುವುದು, ವ್ಯಾಯಾಮ, ಮಾಲೀಷು, ಮನಸ್ಸಿನ ಚಿಕಿತ್ಸೆ, ಕೆಲವು ನೋವಿನ ಗುಳಿಗೆಗಳ ಜೊತೆಗೆ ಬೆನ್ನಿನ ಕೈಚಿಕಿತ್ಸೆಯೂ ಇದೆ. ಹಾಗೆಂದು ಅದಕ್ಕೆ ಪುರಾವೆ ಗಟ್ಟಿ ಇದೆ ಎಂದಲ್ಲ, ಕೆಲವರಿಗೆ ಸ್ವಲ್ಪ ಉಪಯೋಗವಾಗಬಹುದು ಎಂಬಷ್ಟೇ. ರೂಢಿಯಾಗಿ ಬೇಡ ಎಂದು ಹೇಳಿದ್ದು ಯಾವುದು ಗೊತ್ತೇ? ನಡಕ್ಕೆ ಕಟ್ಟುವ ಬೆಲ್ಟು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಕರೆಂಟ್ ಕೊಡುವ ಟೆನ್ಸ್ ಯಂತ್ರ, ಅಲ್ಟ್ರಾಸೌಂಡ್ ಶಾಖ. ಇವೆಲ್ಲ ನಮ್ಮ ಫಿಜಿಯೋಥೆರಪಿ ಕೋಣೆಗಳಲ್ಲಿ ಇರುವ ಯಂತ್ರಗಳೇ. ಬೆಲ್ಟು ಕಟ್ಟಿಕೊಂಡು ಐದು ವರ್ಷ ತಿರುಗಾಡುವವರು ಈ ಸಭೆಯಲ್ಲೇ ಇದ್ದೀರಿ. ಬೆಲ್ಟಿಗಿಂತ ನಿಮ್ಮ ಸ್ನಾಯುವೇ ಗಟ್ಟಿ ಬೆಲ್ಟು.

ಹಾಗಾದರೆ ಕೈರೋಪ್ರಾಕ್ಟಿಕ್‌ನಿಂದ ಸಕ್ಕರೆ ಕಾಯಿಲೆ, ದಮ್ಮು, ಬಿ.ಪಿ., ಮಕ್ಕಳಾಗದಿರುವುದು, ಮಕ್ಕಳ ಜ್ವರ ಇವು ವಾಸಿಯಾಗುತ್ತವೆಯೇ? ಇಲ್ಲ. ಹಾಗೆ ಯಾರಾದರೂ ಹೇಳಿದರೆ ಆ ಬಾಗಿಲಿಗೆ ಮತ್ತೆ ಹೋಗಬೇಡಿ. ಅವರ ಮಾತು ಕೇಳಿ ಇನ್ಸುಲಿನ್, ಬಿ.ಪಿ. ಗುಳಿಗೆ ಬಿಟ್ಟರೆ ಹೋಗುವುದು ಜೀವ.

ಗೋಣು ಬೇರೆ, ಟೊಂಕ ಬೇರೆ

ಇದು ಇವತ್ತಿನ ಮಾತಿನಲ್ಲಿ ಮುಖ್ಯವಾದದ್ದು. ಗೋಣಿನ ಮಣಿಗಳ ಎರಡೂ ಬದಿಗೆ ಸಣ್ಣ ತೂತುಗಳಿವೆ. ಆ ತೂತುಗಳ ಮೂಲಕ ಮೆದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಏರುತ್ತವೆ. ಮುಂದಿನ ಬದಿಗೆ ಇನ್ನೆರಡು ದೊಡ್ಡ ನಾಳಗಳಿವೆ. ಗೋಣನ್ನು ಜೋರಾಗಿ, ತಟ್ಟನೆ ತಿರುಗಿಸಿದರೆ ಕೆಲವರಲ್ಲಿ ಆ ನಾಳದ ಒಳಪದರ ಹರಿಯಬಹುದು. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಇದು ಅಪರೂಪ, ಆದರೆ ಆದರೆ ಜೀವಮಾನದ ಮಾತು. 2024ರಲ್ಲಿ ಬಳ್ಳಾರಿಯ ಕಡೆಯ ಮೂವತ್ತರ ಹರೆಯದ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ಮಾಲೀಷು ಮಾಡಿಸಿಕೊಳ್ಳುವಾಗ ಗೋಣು ತಿರುಗಿಸಿದ್ದರಿಂದ ನಾಳ ಹರಿದು, ಮಾತು ತೊದಲಿ, ಒಂದು ಬದಿ ಶಕ್ತಿ ಹೋಗಿ ಬೆಂಗಳೂರಿನ ಆಸ್ಪತ್ರೆ ಸೇರಿದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು.

ಕ್ಷೌರಿಕ ಬಂಧುಗಳಿಗೆ ನನ್ನ ವಿನಂತಿ: ಭುಜ ಒತ್ತಿ, ತಲೆ ತಿಕ್ಕಿ, ಗೋಣು ಮಾತ್ರ ತಿರುವಬೇಡಿ. ಗಿರಾಕಿ ತಾನೇ ಕೇಳಿದರೂ ತಿರುವಬೇಡಿ. ಯುವಕರಿಗೆ: ನಿಮ್ಮ ಗೋಣನ್ನು ನೀವೇ ಗದ್ದ ಹಿಡಿದು ತಿರುವುವ ಚಟ ಬಿಡಿ. ಗೋಣು ತಿರುವಿಸಿಕೊಂಡ ಮೇಲೆ ತಲೆ ಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಅಥವಾ ಕೈಕಾಲು ಜೋಮು, ಎಂದೂ ಬಾರದಂಥ ಗೋಣು ನೋವು ಇಲ್ಲವೇ ತಲೆನೋವು ಬಂದರೆ ಮಲಗಿ ನೋಡೋಣ ಎನ್ನಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಕಾಲ ನಾಲ್ಕೂವರೆ ತಾಸು ಮಾತ್ರ. ಕೂಡಲೇ 108ಕ್ಕೆ ಫೋನ್ ಮಾಡಿ.

ಯಾರು ಎಂದೂ ಲಟಿಕೆ ಮುರಿಸಿಕೊಳ್ಳಬಾರದು?

ನಮ್ಮ ಸೀಮೆಯ ಒಬ್ಬ ರೈತರ ವಿಷಯ ಹೇಳುತ್ತೇನೆ. ಹೆಸರು ಬೇಡ, ಹೇಳಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ನಲವತ್ತು ದಾಟಿದವರು. ಭುಜದ ನಡುವೆ ಬೆನ್ನು ನೋವು. ಒಂದು ಪೇಟೆಯಲ್ಲಿ ಬೆನ್ನು ಮುರಿಯುವವರ ಹತ್ತಿರ ಹೋದರು. ವಾರಕ್ಕೆ ಎರಡು ಸಲ, ಮೂರು ತಿಂಗಳು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಅಂಗಿ ಸಡಿಲಾಗುವಷ್ಟು ತೂಕ ಇಳಿದಿತ್ತು. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ. ಒಂದು ದಿನ ಎಮ್ಮೆ ಕಟ್ಟಲು ಹೋದವರಿಗೆ ಕಾಲು ಎತ್ತಲು ಆಗಲಿಲ್ಲ. ಎಂ.ಆರ್.ಐ. ಮಾಡಿಸಿದಾಗ ಬೆನ್ನಿನ ಮಣಿಗೆ ಕ್ಷಯ. ಟಿ.ಬಿ. ಎಂದರೆ ಕೆಮ್ಮು ಮಾತ್ರ ಎಂದು ನಾವು ತಿಳಿದಿದ್ದೇವೆ, ಅದು ಎಲುಬಿಗೂ ಬರುತ್ತದೆ. ಕ್ಷಯ ತಿಂದ ಮಣಿ ಗೆದ್ದಲು ಹಿಡಿದ ತೊಲೆ ಇದ್ದಂತೆ. ಅದನ್ನು ಒತ್ತಿದರೆ ಏನಾದೀತು? ಸುಮಾರು ಒಂದು ವರ್ಷ ಗುಳಿಗೆ ನುಂಗಿದರು, ಆಪರೇಷನ್ ಆಯಿತು. ಈಗ ನಡೆಯುತ್ತಾರೆ. ಬೆನ್ನು ಸ್ವಲ್ಪ ಗೂನಾಗಿದೆ, ಹೊರೆ ಹೊರಲು ಆಗುವುದಿಲ್ಲ. ಕ್ಷಯದ ಪರೀಕ್ಷೆ, ಗುಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಆ ಮೂರು ತಿಂಗಳು ಮೊದಲೇ ಬಂದಿದ್ದರೆ ಹೊರೆಯನ್ನೂ ಹೊರುತ್ತಿದ್ದರು.

ಆದ್ದರಿಂದ ಈ ಗುರುತುಗಳನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರ ಹತ್ತಿರ ಹೋಗಬೇಕು, ಕೈಚಿಕಿತ್ಸೆ ಬೇಡ.

ಒಂದು, ಸಂಜೆ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು.

ಎರಡು, ಮಲಗಿದರೂ ಕಡಿಮೆಯಾಗದ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು.

ಮೂರು, ಮೊದಲು ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನು ನೋವು.

ನಾಲ್ಕು, ಬಿದ್ದ ಮೇಲೆ, ಗಾಡಿ ಅಪಘಾತದ ಮೇಲೆ ಬಂದ ನೋವು. ವಯಸ್ಸಾದ ಅಜ್ಜ ಅಜ್ಜಿಯರು, ಮುಟ್ಟು ನಿಂತ ತಾಯಂದಿರು, ಬಹಳ ಕಾಲ ಸ್ಟೆರಾಯ್ಡ್ ಗುಳಿಗೆ ತಿಂದವರು ಕುಕ್ಕರಿಸಿ ಬಿದ್ದರೂ ಎಲುಬು ಬಿರಿಯಬಹುದು. ಇವರ ಎಲುಬು ಟೊಳ್ಳಾಗಿರುತ್ತದೆ.

ಐದು, ಪಾದ ಜೋತು ಬೀಳುವುದು, ಕಾಲಿನ ಶಕ್ತಿ ಕಡಿಮೆಯಾಗುತ್ತ ಹೋಗುವುದು.

ಆರು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಜಾಗ ಜೋಮು ಹಿಡಿಯುವುದು. ಇದು ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗುವ ರೋಗ. ನಾಚಿಕೆಗೆ ಮುಚ್ಚಿಟ್ಟರೆ ಜೀವನವಿಡೀ ಮೂತ್ರದ ನಳಿಗೆ ಹಾಕಿಕೊಳ್ಳಬೇಕಾದೀತು.

ರಕ್ತ ತೆಳುವಾಗುವ ಗುಳಿಗೆ ತಿನ್ನುವವರು, ರುಮಟಾಯ್ಡ್ ಸಂಧಿವಾತ ಇದ್ದವರು ಕೂಡ ಜೋರಿನ ಕೈಚಿಕಿತ್ಸೆ ಮಾಡಿಸಿಕೊಳ್ಳಬಾರದು. ಬಸುರಿಯರು ತಮ್ಮ ವೈದ್ಯರನ್ನು ಕೇಳದೆ ಯಾರ ಕೈಗೂ ಬೆನ್ನು ಕೊಡಬಾರದು.

ಕೇಳಬೇಕಾದ ಪ್ರಶ್ನೆ, ಕೊಡಬೇಕಾದ ಹಣ

ಎಮ್ಮೆ ಕೊಳ್ಳುವಾಗ ಹಲ್ಲು ಎಣಿಸಿ, ಹಾಲು ಹಿಂಡಿ ನೋಡುತ್ತೀರಿ. ನಿಮ್ಮ ಬೆನ್ನು ಎಮ್ಮೆಗಿಂತ ಅಗ್ಗವೇ? ಹೋದಲ್ಲಿ ಕೇಳಿ: "ಸರ್, ನೀವು ಏನು ಓದೀರಿ? ಎಲ್ಲಿ, ಎಷ್ಟು ವರ್ಷ? ನನಗೇನಾಗೈತಿ? ಎಷ್ಟು ಸಲ ಬರಬೇಕು? ಕಡಿಮಿ ಆಗಲಿಲ್ಲಂದ್ರ ಮುಂದೇನು?" ಬಲ್ಲವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೇ ನಿಮಗೆ ಉತ್ತರ.

ಮೊದಲೇ ಇಪ್ಪತ್ತು ಮೂವತ್ತು ಸಲದ ಹಣ ಒಟ್ಟಿಗೆ ಕಟ್ಟಿಸಿಕೊಳ್ಳುವವರಿದ್ದಾರೆ. ಕಟ್ಟಬೇಡಿ. ನಾಲ್ಕರಿಂದ ಆರು ಸಲ ಹೋದ ಮೇಲೂ ಕೆಲಸದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಅದು ನಿಮಗೆ ಆಗುವ ಚಿಕಿತ್ಸೆಯಲ್ಲ. ನೋವು ಇಲ್ಲದಿದ್ದರೂ ತಿಂಗಳಿಗೊಮ್ಮೆ ಜೀವನಪೂರ್ತಿ ಬನ್ನಿ ಎಂದರೆ ಹೋಗಬೇಡಿ. ಬರೀ ಮಲಗಿಸಿ ಕಳಿಸುವವರಿಗಿಂತ, ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸುವವರು ಮೇಲು. ಅವರು ನಿಮ್ಮನ್ನು ತಮ್ಮ ಮೇಲೆ ಅವಲಂಬಿಸದಂತೆ ಮಾಡುತ್ತಾರೆ. ಮುಧೋಳದ ತಾಲ್ಲೂಕು ಆಸ್ಪತ್ರೆ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ನಮ್ಮವೇ. ಮೊದಲ ತಪಾಸಣೆ ಅಲ್ಲಿ ಮಾಡಿಸಿ.

ನಮ್ಮ ಕೈಯಲ್ಲಿರುವುದು

ಚಳಕು ಹಿಡಿದರೆ ವಾರಗಟ್ಟಲೆ ಮಲಗಬೇಡಿ. ಒಂದೆರಡು ದಿನ ಭಾರದ ಕೆಲಸ ಬಿಟ್ಟು, ಬಿಸಿನೀರಿನ ಶಾಖ ಕೊಟ್ಟು, ಮನೆಯೊಳಗೇ ಓಡಾಡಿ. ಮಲಗಿದಷ್ಟೂ ಸ್ನಾಯು ಸೋಲುತ್ತದೆ.

ಹೊರೆ ಎತ್ತುವಾಗ ಅದನ್ನು ಮೈಗೆ ಹತ್ತಿರ ತಂದುಕೊಳ್ಳಿ, ಟೊಂಕದ ಮೇಲೆ ತಿರುಗಬೇಡಿ, ಕಾಲು ಇಟ್ಟು ತಿರುಗಿ. ಚೀಲವನ್ನು ಇಬ್ಬರು ಹಿಡಿಯಿರಿ. ಪಂಪಿನ ಎರಡೂ ಪಟ್ಟಿ ಬಿಗಿಯಾಗಿ ಹಾಕಿ, ಅರ್ಧ ತುಂಬಿಸಿ ಎರಡು ಸಲ ಹೊಡೆಯಿರಿ. ಕಸ ತೆಗೆಯುವ ಅಕ್ಕಂದಿರೇ, ಒಂದು ಸಾಲು ಮುಗಿದ ಮೇಲೆ ಎದ್ದು ನಿಂತು, ಟೊಂಕದ ಮೇಲೆ ಕೈ ಇಟ್ಟು ಐದು ಸಲ ಹಿಂದಕ್ಕೆ ಬಾಗಿ. ನೇಕಾರ ಅಣ್ಣಂದಿರು ತಾಸಿಗೊಮ್ಮೆ ಕುಣಿಯಿಂದ ಎದ್ದು ಹತ್ತು ಹೆಜ್ಜೆ ಹಾಕಿ. ದಿನಕ್ಕೆ ಅರ್ಧ ತಾಸು ಚುರುಕಾಗಿ ನಡೆಯುವುದು ನಾನು ಬಲ್ಲ ಅತಿ ಅಗ್ಗದ ಔಷಧ. ಹೊಲದಲ್ಲಿ ದುಡಿಯುತ್ತೇವೆ, ಮತ್ಯಾಕೆ ವ್ಯಾಯಾಮ ಎನ್ನಬೇಡಿ. ಹೊಲದ ಕೆಲಸ ಮೈಯನ್ನು ಒಂದೇ ಕಡೆ ಬಗ್ಗಿಸುತ್ತದೆ, ವ್ಯಾಯಾಮ ಎಲ್ಲ ಕಡೆಯಿಂದ ಗಟ್ಟಿ ಮಾಡುತ್ತದೆ. ತಂಬಾಕು, ಬೀಡಿ ಬಿಡಿ, ಬೀಡಿ ಡಿಸ್ಕನ್ನೂ ಒಣಗಿಸುತ್ತದೆ.

ಮಕ್ಕಳ ಪಾಟಿಚೀಲದ ವಿಷಯ ಗುರುಗಳಿಗೆ ಗೊತ್ತಿದೆ. 9 ಮತ್ತು 10ನೆಯ ತರಗತಿಗೆ 4ರಿಂದ 5 ಕಿಲೊ ಮೀರಬಾರದು ಎಂದು ಸರಕಾರ 2019ರಲ್ಲೇ ಆದೇಶ ಮಾಡಿದೆ. ಒಂದು ದಿನ ತಕ್ಕಡಿ ತಂದು ತೂಗಿ ನೋಡಿ.

ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆ

ಭಾಷಣ ಮುಗಿದ ಮೇಲೆ ಹಿರಿಯರೊಬ್ಬರು, "ಹಂಗಾದ್ರ ನಮ್ಮ ಉಳುಕು ತೆಗಿಯೂ ಆಯಿ ಎಲ್ಲಾ ಸುಳ್ಳೇನ್ರಿ?" ಎಂದು ಕೇಳಿದರು. ಸುಳ್ಳಲ್ಲ ಅಜ್ಜಾರ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದರಿಂದ ಹಿತವಾಗುತ್ತದೆ, ಧೈರ್ಯ ಬರುತ್ತದೆ. ಊದಿದ್ದರೆ, ಎಲುಬು ಮುರಿದ ಸಂಶಯ ಇದ್ದರೆ, ಮೇಲೆ ಹೇಳಿದ ಆರು ಗುರುತು ಇದ್ದರೆ ಮಾತ್ರ ಆಯಿಯೇ "ದವಾಖಾನಿಗೆ ಹೋಗಪಾ" ಎಂದು ಕಳಿಸಬೇಕು. ಹಾಗೆ ಕಳಿಸುವ ಆಯಿಯೇ ನಿಜವಾದ ವೈದ್ಯೆ.

ಹತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ನಾನೂ ಇದನ್ನ ಕಲೀಬೇಕಂದ್ರ ಏನ್ ಓದಬೇಕು?" ಎಂದಳು. ಪಿ.ಯು.ಸಿ.ಯಲ್ಲಿ ವಿಜ್ಞಾನ, ಅದರಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳಮ್ಮ. ಆಮೇಲೆ ಫಿಜಿಯೋಥೆರಪಿ ಪದವಿ ಇದೆ. ನಾನು ಓದಿದಾಗ ನಾಲ್ಕೂವರೆ ವರ್ಷ ಇತ್ತು. ಈ ಶಾಲೆಯಿಂದ ಹೋಗಿ ಓದಬಹುದು ಎಂಬುದಕ್ಕೆ ನಾನು ನಿನ್ನ ಮುಂದೆ ನಿಂತಿದ್ದೇನೆ.

ತೊಡೆ ಮುರಿದ ದುರ್ಯೋಧನನ ಕಥೆಯನ್ನು ಗದಾಯುದ್ಧವಾಗಿ ಬರೆದ ಕವಿಯ ಊರು ನಮ್ಮದು. ಮುರಿಯುವುದು ಒಂದು ಏಟಿನ ಕೆಲಸ, ಕೂಡಿಸುವುದು ಬಹಳ ದಿನದ ಕೆಲಸ. ನಿಮ್ಮ ಬೆನ್ನನ್ನು ಯಾರ ಕೈಗೆ ಕೊಡುತ್ತೀರಿ ಎಂಬುದನ್ನು ನೋಡಿ ಕೊಡಿ.  ಈಗ ಎಲ್ಲರೂ ಒಮ್ಮೆ ಎದ್ದು ನಿಂತು, ಟೊಂಕದ ಮೇಲೆ ಕೈ ಇಟ್ಟು ಐದು ಸಲ ಹಿಂದಕ್ಕೆ ಬಾಗಿ, ಆಮೇಲೆ ಊಟಕ್ಕೆ ನಡೆಯಿರಿ.